ಕೆಂಪಜ್ಜ ಸದ್ದಿಲ್ಲದೆ ಹೋದ

ತಾಳಿ ಕಟ್ಟಿ ಆಗಿತ್ತು, ಅಕ್ಷತೆ ಬಿದ್ದಾಗಿತ್ತು. ಇನ್ನು ಉಳಿದದ್ದು ಒಂದೇ ಶಾಸ್ತ್ರ. ಮದುಮಗಳನ್ನು ಕಿಂಡಿಯ ಮುಂದೆ ನಿಲ್ಲಿಸಬೇಕು, ಮಾವನಾದವನು "ಅಜ್ಜ ಕಂಡನೇನವಾ?" ಎಂದು ಕೇಳಬೇಕು, ಅವಳು ತಲೆ ತಗ್ಗಿಸಿ "ಕಂಡನ್ರಿ" ಅನ್ನಬೇಕು, ಆಮೇಲೆ ಎಲ್ಲರೂ ಊಟಕ್ಕೆ ಏಳಬೇಕು. ಇದಕ್ಕಿಂತ ಸಲೀಸಾದ ಶಾಸ್ತ್ರ ಇನ್ನೊಂದಿಲ್ಲ. 'ಮಲಪ್ರಭಾ' ನೌಕೆ ಭೂಮಿಯನ್ನು ಬಿಟ್ಟ ಮೇಲೆ ಐದಾರು ತಲೆಮಾರಿನ ಮದುವೆಗಳು ಅದರೊಳಗೇ ನಡೆದಿದ್ದವು. ಯಾವ ಮದುಮಗಳೂ ಇಲ್ಲಿ ಎಡವಿರಲಿಲ್ಲ.

ಚಂಪಾ ಎಡವಿದಳು. ಕಿಂಡಿಯ ಗಾಜಿಗೆ ಹಣೆ ತಾಗಿಸಿ ಒಂದಷ್ಟು ಹೊತ್ತು ನೋಡಿದಳು. ಬಾಸಿಂಗ ಅಡ್ಡ ಬರುತ್ತದೆಂದು ಅದನ್ನು ಪಕ್ಕಕ್ಕೆ ಸರಿಸಿ ಮತ್ತೆ ನೋಡಿದಳು. ಹಸಿದ ಮಂದಿ ಕಾಲು ಬದಲಿಸತೊಡಗಿದರು.

"ಕಾಣ್ಲಿಲ್ರಿ ಮಾವಾರ," ಎಂದಳು.

ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಮಾವ ಬಾಳಪ್ಪನ ಮುಖ ಕಪ್ಪಿಟ್ಟಿತು. ಅವನು ನೌಕೆಯ ಚುಕ್ಕಾಣಿ ಕೋಣೆಯ ಮುಖ್ಯಸ್ಥ. ಅವನ ಅಪ್ಪನೂ ಅದೇ ಕುರ್ಚಿಯಲ್ಲಿ ಕೂತು ಹೋದವನು. ಕೆಂಪಜ್ಜನೆಂಬ ಚುಕ್ಕಿಯನ್ನು ಗುರುತಾಗಿಟ್ಟುಕೊಂಡು ನೌಕೆ ನಡೆಸುವ ಮನೆತನಕ್ಕೆ ಬಂದ ಸೊಸೆ, ಹೊಸ್ತಿಲು ತುಳಿಯುವ ಮೊದಲೇ, ಅಜ್ಜ ಕಾಣಲಿಲ್ಲ ಎಂದರೆ ಅವನು ಎಲ್ಲಿ ಮುಖ ಇಟ್ಟುಕೊಳ್ಳಬೇಕು? ಮದುಮಗ ಫಕೀರೇಶ ಪಾಪದ ಹುಡುಗ, ನೆಲ ನೋಡುತ್ತ ನಿಂತ. ಹೆಂಗಸರ ಸಾಲಿನಿಂದ "ತಾಯಿ ಇಲ್ಲದ ಹುಡುಗಿ, ಹೇಳಿಕೊಡೋರು ಯಾರು" ಎಂಬ ಮಾತು, ಕೇಳಿಸಲೆಂದೇ ಆಡಿದ್ದು, ದಾನಮ್ಮನ ಕಿವಿಗೆ ಬಿತ್ತು.

ಹೇಳಿಕೊಡಬೇಕಾದವಳು ದಾನಮ್ಮನೇ. ಚಂಪಾಳ ಚಿಗವ್ವ. ನೌಕೆಯ ಶಾಲೆಯಲ್ಲಿ ಮಕ್ಕಳಿಗೆ ನಕ್ಷತ್ರಗಳ ಪಾಠ ಹೇಳುವ ಟೀಚರು. ಅಕ್ಕ ಸಾಯುವಾಗ ಮಗಳ ಕೈಯನ್ನು ಇವಳ ಕೈಯಲ್ಲಿಟ್ಟು, "ಇದನ್ನ ಒಮ್ಮೆ ನೆಲದ ಮ್ಯಾಲ ನಿಲ್ಲಸ, ದಾನೂ" ಎಂದು ಕಣ್ಣು ಮುಚ್ಚಿದ್ದಳು. ಅಂದಿನಿಂದ ದಾನಮ್ಮನಿಗೆ ಬದುಕಿನಲ್ಲಿ ಇದ್ದದ್ದು ಆ ಒಂದೇ ಕೆಲಸ. ಲೆಕ್ಕದ ಪ್ರಕಾರ ಚಂಪಾಳ ಪೀಳಿಗೆಯೇ ಇಳಿಯುವ ಪೀಳಿಗೆ. ಕಿರುನೇಸರು ಎಂಬ ನಕ್ಷತ್ರವನ್ನು ಸುತ್ತುವ ಹೊಸನೆಲದ ಮೇಲೆ, ನಡುವಯಸ್ಸು ದಾಟುವ ಮುಂಚೆ, ಈ ಹುಡುಗಿ ಬರಿಗಾಲಲ್ಲಿ ನಿಲ್ಲಬೇಕಿತ್ತು.

ದಾನಮ್ಮ ಅವಳನ್ನು ರಟ್ಟೆ ಹಿಡಿದು ಉಗ್ರಾಣದ ಮೂಲೆಗೆ ಎಳೆದುಕೊಂಡು ಹೋದಳು.

"ಕಂಡನ್ರಿ ಅನ್ನಾಕ ನಿನ್ನ ಗಂಟೇನ ಹೋಗತಿತ್ತು?"

"ಕಾಣಬೇಕಲ್ಲ ಚಿಗವ್ವಾ."

"ಯಾರಿಗೂ ಕಾಣೂದಿಲ್ಲ. ನನಗೂ ಕಂಡಿಲ್ಲ, ನಿಮ್ಮವ್ವಗೂ ಕಂಡಿಲ್ಲ. ಭೂಮಿ ಮ್ಯಾಲೂ ಹಂಗ ಇತ್ತಂತ. ಹಾಡಹಗಲ ಮದುವಿ ಮಾಡಿ, ಆಕಾಶಕ್ಕ ಬಟ್ಟು ತೋರ್ಸಿ, ಅರುಂಧತಿ ನೋಡು ಅಂತಿದ್ರು. ಬಿಸಲಾಗ ಯಾ ಚುಕ್ಕಿ ಕಾಣ್ತತಿ? ಕಂಡಿತು ಅಂತಿದ್ರು. ದೊಡ್ಡಾವ್ರು ಕೇಳ್ಯಾರ ಅಂದ್ರ ಹೂಂ ಅನ್ನೂದು. ಅದಕ್ಕ ಶಾಸ್ತ್ರ ಅನ್ನೂದು."

"ಗಾಜಿನ ತುಂಬ ಗೀರು ಇದ್ದುವು, ಅದಕ್ಕ ನಿಮಗ ಕಂಡಿಲ್ಲ," ಎಂದಳು ಚಂಪಾ. ಅವಳು ಗಾಜು ಸಾಣೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. "ನಾ ನನ್ನ ಮದುವಿಗಂತ ಆ ಕಿಂಡಿ ಒಳಪದರದ ಗಾಜು ಬಿಚ್ಚಿ ಸಾಣಿ ಹಿಡದೀನಿ. ಒಂದ ಸಲಾನರ ಖರೇನ ನೋಡೂಣು ಅಂತ. ಈಗ ಒಂದೂ ಗೀರಿಲ್ಲ. ಸಣ್ಣ ಸಣ್ಣ ಚುಕ್ಕಿ ಕಾಣ್ತಾವ. ಕೆಂಪಂದು ಎಲ್ಲೂ ಇಲ್ಲ."

ದಾನಮ್ಮ ನಕ್ಕುಬಿಟ್ಟಳು. ಕೆಂಪಜ್ಜ ಎಂದರೆ ಸಾಮಾನ್ಯ ನಕ್ಷತ್ರವಲ್ಲ. ವಯಸ್ಸಾಗಿ ಊದಿಕೊಂಡ ಕೆಂಪು ದೈತ್ಯ; ನಮ್ಮ ಹಳೆಯ ಸೂರ್ಯನ ಜಾಗದಲ್ಲಿ ಅವನನ್ನು ತಂದಿಟ್ಟರೆ ಭೂಮಿ ಅವನ ಹೊಟ್ಟೆಯೊಳಗೆ ಇರುತ್ತಿತ್ತು. ಅಷ್ಟು ದೂರದಿಂದಲೂ ಎದ್ದು ಕಾಣುತ್ತಾನೆಂದೇ ಹಿರಿಯರು ದಾರಿಗೆ ಅವನನ್ನು ಗುರುತು ಇಟ್ಟುಕೊಂಡಿದ್ದರು. ಅಂಥವನು ಎಲ್ಲಿಗೆ ಹೋದಾನು?

"ಹುಚ್ಚಿ, ಅಂಥಾ ದೊಡ್ಡ ಚುಕ್ಕಿ ಸಾಯೂದಂದ್ರ ಹುಡಗಾಟೇನು? ಸಿಡೀತೈತಿ. ಇಡೀ ಬ್ರಹ್ಮಾಂಡಕ್ಕ ಗೊತ್ತಾಗೂವಂಗ ಸಿಡೀತೈತಿ. ನಮ್ಮ ನೌಕಿ ಮುಂದಿನ ಮಂಜಿನ ಗ್ವಾಡಿ ದಾಟಿ ಬೆಳಕು ಒಳಗ ಬರತೈತಿ. ನಿನಗ ನಾನ ಕಲಿಸಿದ್ನೆಲ್ಲ?"

ಕಲಿಸಿದ್ದೇನೋ ನಿಜ. ದೊಡ್ಡ ನಕ್ಷತ್ರಗಳು ಬೇಗ ಉರಿದು ಸಿಡಿದು ಸಾಯುತ್ತವೆ ಎನ್ನುವಾಗ ಅವಳು ಎರಡೂ ಕೈ ಚಾಚಿ "ಢಂ!" ಎನ್ನುತ್ತಿದ್ದಳು, ಮಕ್ಕಳು ಕಿವಿ ಮುಚ್ಚಿಕೊಂಡು ಕೇಕೆ ಹಾಕುತ್ತಿದ್ದವು. ಹೀಗಾಗಿ ಕೆಂಪಜ್ಜ ಹೋದರೆ ಗೊತ್ತಾಗದೆ ಇರುವುದಿಲ್ಲ ಎಂದು ನೌಕೆಯ ಮೂವತ್ತರೊಳಗಿನವರೆಲ್ಲ ನಂಬಿದ್ದು ಅವಳಿಂದಲೇ.

ಬೀಗರ ಮುನಿಸು ಮಾತ್ರ ಇಳಿಯಲಿಲ್ಲ. ಮದುವೆಯ ಊಟವನ್ನು ಬಾಳಪ್ಪ ಮುಟ್ಟಲೇ ಇಲ್ಲ. ಸೊಸೆ ತಪ್ಪೊಪ್ಪಿಕೊಳ್ಳುವ ತನಕ ಮನೆ ತುಂಬಿಸಿಕೊಳ್ಳುವ ಮಾತೇ ಇಲ್ಲ ಎಂದ. ಚಂಪಾ, ಕಾಣದ್ದನ್ನು ಕಂಡೆ ಎನ್ನುವ ಮಾತೇ ಇಲ್ಲ ಎಂದಳು. ನಡುವೆ ಸಿಕ್ಕಿಬಿದ್ದ ದಾನಮ್ಮನಿಗೆ ಒಂದು ದಾರಿ ಹೊಳೆಯಿತು. ಶಾಲೆಯಲ್ಲಿ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಪೆಟ್ಟಿಗೆಯೊಂದಿತ್ತು. ನಕ್ಷತ್ರದ ಬೆಳಕನ್ನು ಹಾಗೆ ಬಿಡಿಸಿದರೆ ಬಣ್ಣದ ಪಟ್ಟಿಯ ನಡುವೆ ಕಪ್ಪು ಗೆರೆಗಳು ಮೂಡುತ್ತವೆ. ಪ್ರತಿ ನಕ್ಷತ್ರದ ಗೆರೆಗಳೂ ಬೇರೆ. ಅದರ ಬಿಸಿ, ವಯಸ್ಸು, ಒಡಲಲ್ಲಿರುವ ಧಾತುಗಳು ಎಲ್ಲವನ್ನೂ ಅವು ಹೇಳಿಬಿಡುತ್ತವೆ. ಕೆಂಪಜ್ಜನ ಪಟ್ಟಿಯ ಚಿತ್ರ ಅವಳ ತರಗತಿಯ ಗೋಡೆಯ ಮೇಲೇ ಇತ್ತು. ಚುಕ್ಕಾಣಿ ಕೋಣೆಯ ದುರ್ಬೀನಿಗೆ ಈ ಪೆಟ್ಟಿಗೆ ಕಟ್ಟಿ ಹುಡುಗಿಗೆ ತೋರಿಸಿಬಿಟ್ಟರೆ ಅವಳೂ ಒಪ್ಪುತ್ತಾಳೆ, ಬೀಗರೂ ತಣ್ಣಗಾಗುತ್ತಾರೆ.

ಬಾಳಪ್ಪ ಮೊದಲು ಹೌಹಾರಿದ. "ಅಜ್ಜನ್ನ ಪರೀಕ್ಷಾ ಮಾಡ್ತೀರೇನ್ರಿ ಟೀಚರ? ನಮ್ಮಪ್ಪ ಇದ್ದಿದ್ರ ನಿಮ್ಮನ್ನ ಈ ಬಾಗಿಲದಾಗ ಬಿಟಗೋತಿದ್ದಿಲ್ಲ."

"ಪರೀಕ್ಷಾ ಅಲ್ರಿ ಬೀಗರ. ನಿಮ್ಮ ಸೊಸಿ ಬಾಯಿ ಮುಚ್ಚಸಾಕ."

ಅದು ಅವನಿಗೆ ಹಿಡಿಸಿತು. ಒಳಗೆ ಬಿಟ್ಟುಕೊಂಡ.

ಚುಕ್ಕಾಣಿ ಕೋಣೆ ಎಂದರೆ ಎರಡು ಕುರ್ಚಿ, ಒಂದು ಮೇಜು, ಗೋಡೆ ತುಂಬ ಮಿಣುಕು ದೀಪಗಳು. ನೌಕೆಯ ಮುಂಭಾಗವನ್ನೆಲ್ಲ ದೂಳಿನಿಂದ ಕಾಯಲು ದಪ್ಪ ಮಂಜುಗಡ್ಡೆಯ ಗೋಡೆ ಮುಚ್ಚಿತ್ತು. ದಾರಿ ನೋಡಲು ಪಕ್ಕದಲ್ಲಿ ಮೂರು ಯಂತ್ರಗಣ್ಣುಗಳಿದ್ದವು. ಎರಡು ಎಂದೋ ದೂಳಿಗೆ ಸಿಕ್ಕಿ ಹಾಳಾಗಿದ್ದವು, ಉಳಿದದ್ದು ಒಂದು. ಅದು ಕೆಂಪಜ್ಜನನ್ನು ನೋಡುತ್ತ, ದಾರಿ ತಪ್ಪಿದರೆ ಎಂಜಿನ್ನಿಗೆ ಹೇಳಿ ತುಸುತುಸುವೇ ತಿರುಗಿಸುತ್ತಿತ್ತು. ಅದಕ್ಕೆ ಅನುಮಾನ ಬಂದಾಗ ದೀಪ ಹತ್ತಿ "ಕಂಡನೇ?" ಎಂದು ಮನುಷ್ಯರನ್ನು ಕೇಳುತ್ತಿತ್ತು. ಪಾಳಿಯವರು ಕಣ್ಣಿಟ್ಟು ನೋಡಿ ಗುಂಡಿ ಒತ್ತಬೇಕು. ಕಂಡ ಎಂದು ಒತ್ತಿದರೆ, ತಾನು ಹಿಡಿದುಕೊಂಡಿರುವ ಚುಕ್ಕಿಯೇ ಸರಿ ಎಂದುಕೊಂಡು ಯಂತ್ರ ಮುಂದುವರಿಯುತ್ತಿತ್ತು.

ದಾನಮ್ಮ ಪೆಟ್ಟಿಗೆ ಕಟ್ಟಿದಳು. ಬಣ್ಣದ ಪಟ್ಟಿ ಮೂಡಿತು. ನೋಡಿದಳು. ಪೆಟ್ಟಿಗೆ ಸರಿಯಾಗಿ ಕೂತಿಲ್ಲ ಎಂದು ಬಿಚ್ಚಿ ಮತ್ತೆ ಕಟ್ಟಿದಳು. ಗೋಡೆಯಿಂದ ತಂದಿದ್ದ ಚಿತ್ರವನ್ನು ಪಕ್ಕಕ್ಕಿಟ್ಟು ನೋಡಿದಳು. ಕೆಂಪಜ್ಜನ ಪಟ್ಟಿಯಲ್ಲಿ ಅಗಲಗಲವಾದ ಕಪ್ಪು ಪಟ್ಟೆಗಳಿರಬೇಕಿತ್ತು. ತಣ್ಣಗಾದ ಮುದಿ ನಕ್ಷತ್ರದ ಗುರುತು ಅದು. ಇಲ್ಲಿ ಇದ್ದವು ಸಣ್ಣ ಗೆರೆಗಳು. ಯಂತ್ರ ಹಿಡಿದುಕೊಂಡಿದ್ದದ್ದು ಯಾವುದೋ ಕಿತ್ತಳೆ ಬಣ್ಣದ, ನಡುವಯಸ್ಸಿನ, ಹೆಸರಿಲ್ಲದ ಚುಕ್ಕಿ. ಕೆಂಪಜ್ಜ ಇರಬೇಕಾದ ಜಾಗಕ್ಕೆ ದುರ್ಬೀನು ತಿರುಗಿಸಿದಳು. ತೆಳ್ಳಗೆ ಒಂದಿಷ್ಟು ಬೆಚ್ಚನೆಯ ದೂಳು, ಅದರ ನಡುವೆ ಏನೂ ಇಲ್ಲ.

ಅವಳಿಗೆ ತಾನು ಚಿಕ್ಕವಳಿದ್ದಾಗ ಓದಿದ್ದು ಆಗ ನೆನಪಾಯಿತು. ಕೆಲವು ದೈತ್ಯರು ಸಿಡಿಯುವುದಿಲ್ಲ. ಒಡಲಿನ ಉರುವಲು ತೀರಿದಾಗ ನಡು ಕುಸಿಯುತ್ತದೆ, ಮೇಲಿನದನ್ನು ಹೊರಗೆಸೆಯುವಷ್ಟು ಕಸುವೂ ಉಳಿದಿರುವುದಿಲ್ಲ. ಇಡೀ ನಕ್ಷತ್ರ ತನ್ನೊಳಗೆ ತಾನೇ ಬಿದ್ದು ಕಪ್ಪುಕುಳಿಯಾಗಿ ಮುಚ್ಚಿಹೋಗುತ್ತದೆ. ಮಂಕಾಗುತ್ತ, ತನ್ನದೇ ದೂಳಿನಲ್ಲಿ ಮರೆಯಾಗುತ್ತ, ಸದ್ದಿಲ್ಲದೆ. ಮಕ್ಕಳಿಗೆ ಢಂ ಎನ್ನುವುದೇ ಇಷ್ಟವೆಂದು ಅವಳು ಪಾಠದಲ್ಲಿ ಇದನ್ನು ಬಿಟ್ಟಿದ್ದಳು.

"ಬೀಗರ, ಅಜ್ಜ ಸತ್ತಾನ್ರಿ," ಎಂದಳು. "ಭಾಳ ವರ್ಷಾತು."

ಬಾಳಪ್ಪ ಪೆಟ್ಟಿಗೆಯನ್ನು ಬೈದ. ಚಿತ್ರವನ್ನು ಬೈದ. ದಾನಮ್ಮನ ಕಣ್ಣು ಮಂಜಾಗಿದೆ ಎಂದ. ಆಮೇಲೆ ತಾನೇ ನೋಡಿದ. ಆಮೇಲೆ ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, ಭೂಮಿಯ ಹಳೆಯ ಸೂರ್ಯನನ್ನೂ ಬೇರೆ ನಾಲ್ಕಾರು ಚುಕ್ಕಿಗಳನ್ನೂ ಹುಡುಕಿ ಹುಡುಕಿ ಲೆಕ್ಕ ಹಾಕಿದ. ಅವನಿಗೆ ಬರುತ್ತಿದ್ದ ಕೆಲಸ ಅದು, ಚೆನ್ನಾಗಿಯೇ ಬರುತ್ತಿತ್ತು. ಇಷ್ಟು ದಿನ ಯಾರೂ ಮಾಡು ಎಂದಿರಲಿಲ್ಲ, ಅಷ್ಟೆ. ಲೆಕ್ಕ ಮುಗಿದಾಗ ನೌಕೆ ಎಲ್ಲಿದೆಯೆಂದು ತಿಳಿಯಿತು. ಕಿತ್ತಳೆ ಚುಕ್ಕಿಯ ಬೆನ್ನು ಹತ್ತಿ ನೌಕೆ ಕಿರುನೇಸರಿನ ದಾರಿಯಿಂದ ಎಷ್ಟೋ ಆಚೆ ಸರಿದುಬಿಟ್ಟಿತ್ತು. ಈ ತಪ್ಪು ಶುರುವಾದಾಗ ಚಂಪಾಳ ಅವ್ವ ಕೂಡ ಹುಟ್ಟಿರಲಿಲ್ಲ.

"ಯಂತ್ರ ಕೇಳತಿತ್ತು," ಎಂದ ಅವನು, ಗೋಡೆಯ ದೀಪ ನೋಡುತ್ತ. "ದಿನಾ ಕೇಳತಿತ್ತು, ಕಂಡನೇ, ಕಂಡನೇ ಅಂತ. ನಮ್ಮಪ್ಪ ಕಂಡ ಅಂತ ಒತ್ತಿದ. ಅವನ ಪಾಳಿ ಮುಗದ ಮ್ಯಾಲ ನಾ ಕುಂತೆ. ಅಪ್ಪ ಕಂಡ ಅಂದಾನ, ನಾ ಕಂಡಿಲ್ಲ ಅಂತ ಹೆಂಗ ಒತ್ಲಿ ಟೀಚರ? ಅವನ ಮಾರಿ ಮ್ಯಾಲ ಹೊಡದಂಗ ಆಗೂದಿಲ್ಲೇನು? ನನಗ ಕಣ್ಣ ಕಮ್ಮಿ ಅಂದಕೊಂಡು ಒತ್ತಿದೆ. ನಾ ಒತ್ತಿದ್ದು ನೋಡಿ ಉಳಿದವ್ರು ಒತ್ತಿದ್ರು."

ದಾನಮ್ಮ ಅವನನ್ನು ದೂರಲಿಲ್ಲ. ದೂರಲು ಬಾಯಿ ಎಲ್ಲಿತ್ತು? ಕಿಂಡಿಯ ಮುಂದೆ ತಲೆ ತಗ್ಗಿಸಿ ಕಂಡನ್ರಿ ಎಂದವಳೇ ಅವಳೂ.

ತಿರುಗಿಸಬಹುದಲ್ಲ ಎಂದು ಕೇಳಿದಳು. ಅದಕ್ಕೂ ಬಾಳಪ್ಪನ ಹತ್ತಿರ ಲೆಕ್ಕವಿತ್ತು. ಎಂಜಿನ್ನಿಗೆ ಉಳಿದಿದ್ದ ಇಂಧನವೆಲ್ಲ ಕೊನೆಯಲ್ಲಿ ವೇಗ ತಗ್ಗಿಸಿ ಹೊಸನೆಲದ ಬಳಿ ನಿಲ್ಲಲು ಎಂದು ಇಟ್ಟದ್ದು. ಈಗ ಅದರಿಂದ ನೌಕೆಯನ್ನು ಕಿರುನೇಸರಿನತ್ತ ತಿರುಗಿಸಬಹುದು. ಆದರೆ ಆಮೇಲೆ ನಿಲ್ಲಲು ಹನಿಯೂ ಉಳಿಯುವುದಿಲ್ಲ. ಕಿರುನೇಸರಿನ ಪಕ್ಕದಲ್ಲೇ ಹಾದು, ನಿಲ್ಲದೆ, ಆಚೆಗೆ ಹೊರಟುಹೋಗುತ್ತೇವೆ. ಎದುರಿಗೆ ಬೇರೆ ನಕ್ಷತ್ರ ಇಲ್ಲವೇ ಎಂದಳು. ನಮ್ಮ ಈ ಗೆಲಾಕ್ಸಿಯಲ್ಲಿ ನಕ್ಷತ್ರಗಳಿಗೇನು ಬರವಿಲ್ಲ ಎಂದು ಅವಳು ಮಕ್ಕಳಿಗೆ ಎಷ್ಟು ಸಲ ಹೇಳಿಲ್ಲ. ಸಾವಿರಾರು ಕೋಟಿಗಳ ಲೆಕ್ಕ. ಆದರೆ ಒಂದರಿಂದ ಇನ್ನೊಂದಕ್ಕೆ ಇರುವ ಅಂತರವನ್ನು ಪಾಠದಲ್ಲಿ ಹೇಳುವುದು ಬೇರೆ, ಅದರೊಳಗೆ ಸಿಕ್ಕಿಬೀಳುವುದು ಬೇರೆ. ಈಗ ಹೋಗುತ್ತಿರುವ ದಾರಿಯಲ್ಲಿ, ನೌಕೆಯ ಗೋಡೆಗಳು ಬಾಳುವಷ್ಟು ಕಾಲದೊಳಗೆ, ನೆಲ ಇರುವ ಒಂದೂ ನಕ್ಷತ್ರ ಸಿಗುವುದಿಲ್ಲ.

ಚಂಪಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮದುವೆಯಾಗಿಯೂ ತವರಲ್ಲೇ ಉಳಿದವಳು, ಮೈಮೇಲಿನ ಅರಿಸಿನ ಇನ್ನೂ ಹೋಗಿರಲಿಲ್ಲ. ದಾನಮ್ಮ ಹೊಸ್ತಿಲಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಮುಚ್ಚಿಡುವ ಮನಸ್ಸಾಗಿತ್ತು, ಆದರೆ ಈ ಹುಡುಗಿಯ ಮುಂದೆ ಸುಳ್ಳು ನಾಲಿಗೆಗೆ ಬರಲಿಲ್ಲ.

ಚಂಪಾ ರೊಟ್ಟಿ ಮಗುಚುವುದನ್ನು ಮರೆತಳು, ಅದು ಹೆಂಚಿನ ಮೇಲೇ ಕಪ್ಪಾಯಿತು. ಗೆದ್ದೆ ಎಂಬ ಹುರುಪು ಅವಳಲ್ಲಿ ಒಂದಿಷ್ಟೂ ಕಾಣಲಿಲ್ಲ.

"ಸಾಣಿ ಹಿಡೀಬಾರದಿತ್ತು," ಎಂದಳು ಕಡೆಗೆ. "ಆ ಗಾಜು ಹಂಗ ಇದ್ದಿದ್ರ ಎಲ್ಲಾರೂ ಇಳೀತೀವಿ ಅಂದಕೋತ ಇರತಿದ್ರು. ನಾನೂ ಇರತಿದ್ದೆ. ಬೀಜ ಒಣಗಸ್ಕೋತ, ನೆಲದ ಮ್ಯಾಲ ಮನಿ ಎಲ್ಲಿ ಕಟ್ಟೂದಂತ ಅವನ ಕೂಡ ಜಗಳಾಡ್ಕೋತ."

ನೀನು ಮಾಡಿದ್ದು ಸರಿ ಎಂದು ಹೇಳಬೇಕಿತ್ತು. ಅಕ್ಕನಿಗೆ ಕೊಟ್ಟ ಮಾತು ದಾನಮ್ಮನಿಗೆ ಅಡ್ಡ ಬಂತು. ಎದ್ದು ಹೋಗಿ ಸೀದ ರೊಟ್ಟಿಯನ್ನು ಹೆಂಚಿನಿಂದ ತೆಗೆದಳು.

ಬಾಳಪ್ಪ ಸಣ್ಣ ಮನುಷ್ಯನೆನಿಸಿಕೊಳ್ಳಲಿಲ್ಲ. ಸಭೆ ಕರೆಸಿ ಎಲ್ಲರ ಮುಂದೆ ನಿಂತು ತಾನೇ ಹೇಳಿದ. ಸೊಸೆಯ ಕಡೆ ತಿರುಗಿ ಕೈಮುಗಿದ. ಜನ ಅತ್ತರು, ಕೂಗಾಡಿದರು, ಒಂದಿಬ್ಬರು ಅವನ ಮೇಲೆ ಕೈ ಮಾಡಲು ಹೋದರು. ದಿನಗಳು ಕಳೆದ ಮೇಲೆ ಮಾತು ಎರಡು ದಾರಿಗೆ ಬಂದು ನಿಂತಿತು. ಇಂಧನ ಸುರಿದು ತಿರುಗಿಸಿದರೆ ಹೊಸನೆಲ ಕಣ್ಣಿಗೆ ಬೀಳುತ್ತದೆ. ಕಿಂಡಿಯಲ್ಲಿ ಸಾಸಿವೆ ಕಾಳಿನಷ್ಟು, ಒಂದೆರಡು ದಿನ. ಆಮೇಲೆ ದೀಪಕ್ಕೂ ಬಿಸಿಗೂ ಇಂಧನವಿಲ್ಲದೆ ಆ ತಲೆಮಾರಿನಲ್ಲೇ ಎಲ್ಲ ಮುಗಿಯುತ್ತದೆ. ತಿರುಗಿಸದೆ, ಎಂಜಿನ್ ಆರಿಸಿ, ಅದೇ ಇಂಧನವನ್ನು ಒಲೆಗೂ ದೀಪಕ್ಕೂ ಮಿತವಾಗಿ ಬಳಸಿದರೆ ಇನ್ನೂ ಹಲವು ತಲೆಮಾರು ಬದುಕಬಹುದು. ಎಲ್ಲಿಗೂ ಹೋಗದೆ.

"ತಿರಗಸ್ರಿ," ಎಂದು ಎದ್ದು ನಿಂತವಳು ಚಂಪಾ. "ನಮಗ ಇಳಿಯಾಕ ಆಗೂದಿಲ್ಲ, ಗೊತ್ತೈತಿ. ಆದರ ನಾ ಅದನ್ನ ನೋಡಬೇಕು. ಇಂಥಾದ್ದೊಂದು ಖರೇನ ಐತಿ ಅನ್ನೂದನ್ನ ನೋಡಿ ಸಾಯಬೇಕು." ಫಕೀರೇಶ ಅವಳ ಪಕ್ಕದಲ್ಲಿ ನಿಂತ. ಹರೆಯದವರೆಲ್ಲ ಒಬ್ಬೊಬ್ಬರಾಗಿ ಎದ್ದರು.

ಕೈ ಎತ್ತುವ ಹೊತ್ತು ಬಂದಾಗ ದಾನಮ್ಮ ಚಂಪಾಳನ್ನೇ ನೋಡಿದಳು. ಹೊಸನೆಲ ದಾಟಿ ಹೋದ ಮೇಲೆ ಇವಳು ಮುದುಕಿಯಾಗಿ ಕತ್ತಲಲ್ಲಿ, ಚಳಿಯಲ್ಲಿ, ಮಕ್ಕಳನ್ನು ತಬ್ಬಿಕೊಂಡು ಕೂತದ್ದು ಕಣ್ಣಿಗೆ ಕಟ್ಟಿತು. ಅದನ್ನು ತಡೆದುಕೊಳ್ಳುವುದು ಅವಳ ಕೈಲಾಗಲಿಲ್ಲ. ತಿರುಗಿಸುವುದು ಬೇಡ ಎನ್ನುವವರ ಜೊತೆ ಕೈ ಎತ್ತಿದಳು. ಮುದುಕರ ಕೈಗಳೇ ಹೆಚ್ಚಾದವು.

ಬಾಳಪ್ಪ ಎಂಜಿನ್ ಆರಿಸಿದ. ಹುಟ್ಟಿದಂದಿನಿಂದ ಗೋಡೆಗಳಲ್ಲಿ, ನೆಲದಲ್ಲಿ, ಹಾಸಿಗೆಯಲ್ಲಿ ಗುಂಯ್ಗುಡುತ್ತಿದ್ದ ಸದ್ದು ನಿಂತುಹೋಯಿತು. ಅಂಥ ಮೌನವನ್ನು ಆ ನೌಕೆಯಲ್ಲಿ ಯಾರೂ ಕೇಳಿರಲಿಲ್ಲ. ಮಲಗಿದ್ದ ಕೂಸುಗಳು ಎದ್ದು ಅಳತೊಡಗಿದವು. ಚಂಪಾ ಗಂಡನ ಮನೆಗೆ ಹೋದಳು, ಚಿಗವ್ವನಿಗೆ ಹೋಗಿಬರುತ್ತೇನೆಂದು ಹೇಳಲಿಲ್ಲ.

ಅವಳು ಮತ್ತೆ ಮಾತಾಡಲು ವರುಷಗಳೇ ಹಿಡಿದವು. ಮಾತಾಡಿದ್ದೂ ಮಗಳನ್ನು ಶಾಲೆಗೆ ಸೇರಿಸಲು ಬಂದಾಗ. "ಇಕಿಗೆ ಓದು ಕಲಸು ಚಿಗವ್ವಾ," ಎಂದಳು ಅಷ್ಟೆ, ಬಾಗಿಲಿಗೆ ಒರಗಿ ನಿಂತಳು. ಹುಡುಗಿಗೆ ಸತ್ತ ಅಜ್ಜಿಯ, ಅಂದರೆ ದಾನಮ್ಮನ ಅಕ್ಕನ, ಹೆಸರು, ಗಂಗಾ; ಮೂಗೂ ಅವಳದೇ. ನೆಲದ ಮೇಲೆ ಹುಟ್ಟಬೇಕಾಗಿದ್ದವಳು. ನೌಕೆಯಲ್ಲಿ ಆಗಲೇ ದೀಪಗಳನ್ನು ಅರ್ಧಕ್ಕೆ ಇಳಿಸಿದ್ದರು, ಮಕ್ಕಳು ಕೌದಿ ಹೊದ್ದು ಕೂರುತ್ತಿದ್ದರು.

ದಾನಮ್ಮ ಈಗ ದೊಡ್ಡ ನಕ್ಷತ್ರಗಳ ಪಾಠವನ್ನು ಬೇಗ ಮುಗಿಸುತ್ತಿದ್ದಳು. ಸಿಡಿದು ಸಾಯುವವರೂ ಇದ್ದಾರೆ, ಸುಮ್ಮನೆ ಸಾಯುವವರೂ ಇದ್ದಾರೆ ಎಂದು ಎರಡನ್ನೂ ಹೇಳುತ್ತಿದ್ದಳು. ಆ ದಿನ ಎಲ್ಲಕ್ಕಿಂತ ಸಣ್ಣ ನಕ್ಷತ್ರಗಳ ವಿಷಯ ತೆಗೆದಳು. ಗೆಲಾಕ್ಸಿಯಲ್ಲಿ ಅವೇ ಹೆಚ್ಚು, ಮಂಕಾಗಿರುವುದರಿಂದ ಬರಿಗಣ್ಣಿಗೆ ಒಂದೂ ಕಾಣುವುದಿಲ್ಲ ಎಂದಳು.

"ಅವು ಉರುವಲು ಉಳಿಸಿ ಉಳಿಸಿ ಉರೀತಾವ. ದೊಡ್ಡಾವು ಎಲ್ಲಾ ಸತ್ತ ಮ್ಯಾಲೂ ಇವು ಇರತಾವ. ಸುತ್ತ ಬ್ಯಾರೆ ಬೆಳಕ ಇಲ್ಲದಾಗೂ ಸಣ್ಣಂಗ ಉರಕೋತ, ಲಕ್ಷ ಕೋಟಿ ವರ್ಷ."

ಗಂಗಾ ಕೌದಿಯೊಳಗಿಂದ ಕೈ ಎತ್ತಿದಳು.

"ಅಷ್ಟ ವರ್ಷ ಉಳಿಸಿ ಅವು ಏನ ಮಾಡತಾವ ಅಜ್ಜಿ?"

ದಾನಮ್ಮ ಬಾಗಿಲ ಕಡೆ ನೋಡಿದಳು. ಚಂಪಾ ಇನ್ನೂ ಅಲ್ಲೇ ನಿಂತಿದ್ದಳು, ಅವಳೂ ಉತ್ತರಕ್ಕೆ ಕಾಯುತ್ತಿದ್ದಳು. ಟೀಚರು ಪುಸ್ತಕದ ಹಾಳೆ ತಿರುವಿ, ತಿರುವಿದ್ದನ್ನು ಮತ್ತೆ ಹಿಂದಕ್ಕೆ ಹಾಕಿದಳು.

"ಆರತಾವವಾ," ಎಂದಳು. "ಕಡೀಕ ಅವೂ ಆರತಾವ."